ಯುದ್ಧವನ್ನೇ ಕಾಣದ ಫೋರ್ಟ್ ವ್ಯಾಂಕೂವರ್ ಅನ್ನು ಕೋಟೆಯಾಗಿ ಕಟ್ಟಿದ್ದೇಕೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಫೋರ್ಟ್ ವ್ಯಾಂಕೂವರ್‌ನಲ್ಲಿ ಯಾವ ಯುದ್ಧವೂ ನಡೆಯಲಿಲ್ಲ ಎಂದಾದರೆ ಆ ಕೋಟೆ ಯಾರನ್ನು ತಡೆಯಲು ಇತ್ತು, ಕಟ್ಟಿದವರೇ ಅದನ್ನು ಬಿಟ್ಟುಹೋದದ್ದೇಕೆ ಎಂದು ನೀವು ಕೇಳಿದ್ದೀರಿ. ಅದು ಕೋಟೆಗಿಂತ ಹೆಚ್ಚಾಗಿ ಒಂದು ದೊಡ್ಡ ಉಗ್ರಾಣವಾಗಿತ್ತು. ಅದರ ನಿಜವಾದ ಕಾವಲು ನಡೆಯುತ್ತಿದ್ದುದು ಗೋಡೆಯ ಮೇಲಲ್ಲ, ನೂರಾರು ಮೈಲಿ ದೂರದ ತೊರೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ.

ಬೀವರ್ ಎಂಬ ನೀರುಪ್ರಾಣಿಯ ಹೊರಗೂದಲಿನ ಕೆಳಗೆ ಒತ್ತಾಗಿ ಬೆಳೆಯುವ ಮೃದುವಾದ ತುಪ್ಪಳದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದ ಫೆಲ್ಟ್ ಆಗುತ್ತವೆ. ಯೂರೋಪಿನ ಶ್ರೀಮಂತರು ಧರಿಸುತ್ತಿದ್ದ ಟೋಪಿಗಳಿಗೆ ಇದೇ ಬೇಕಾಗಿತ್ತು. 1670ರಲ್ಲಿ ಇಂಗ್ಲೆಂಡಿನ ದೊರೆಯಿಂದ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ, 1821ರಲ್ಲಿ ತನ್ನ ಪ್ರತಿಸ್ಪರ್ಧಿ ನಾರ್ತ್ ವೆಸ್ಟ್ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಾಗ ಪೆಸಿಫಿಕ್ ಕರಾವಳಿಯ ವ್ಯಾಪಾರವೂ ಅದರ ಕೈಗೆ ಬಂದಿತು. ಆ ಪ್ರದೇಶವು ಬ್ರಿಟನ್ನಿಗೆ ಸೇರಬೇಕೋ ಅಮೆರಿಕಕ್ಕೆ ಸೇರಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. 1818ರ ಒಪ್ಪಂದದ ಪ್ರಕಾರ ಎರಡೂ ದೇಶದವರು ಅಲ್ಲಿ ವ್ಯಾಪಾರ ಮಾಡಬಹುದಾಗಿತ್ತು. ಮುಂದೆ ಕೊಲಂಬಿಯಾ ನದಿಯೇ ಗಡಿಯಾದೀತೆಂದು ಲೆಕ್ಕಹಾಕಿದ ಕಂಪನಿಯ ಗವರ್ನರ್ ಜಾರ್ಜ್ ಸಿಂಪ್ಸನ್, 1824–25ರ ಚಳಿಗಾಲದಲ್ಲಿ ನದಿಯ ಉತ್ತರ ದಡದಲ್ಲಿ ಈ ಠಾಣೆಯನ್ನು ಕಟ್ಟಿಸಿದರು. ಮೊದಲ ಜಾಗವು ಎತ್ತರದಲ್ಲಿದ್ದು ನದಿಯಿಂದ ಸರಕು ಸಾಗಿಸುವುದು ಕಷ್ಟವಾದ ಕಾರಣ, 1829ರಲ್ಲಿ ಅದನ್ನು ಕೆಳಗಿನ ಬಯಲಿಗೆ ಸ್ಥಳಾಂತರಿಸಲಾಯಿತು. ಶತ್ರುವಿನ ಭಯವಿದ್ದವರು ಎತ್ತರದ ನೆಲೆಯನ್ನು ಬಿಟ್ಟು ಬಯಲಿಗೆ ಇಳಿಯುತ್ತಾರೆಯೇ?

ನಾನು ನದಿಯ ಈಚೆಯ ಪೋರ್ಟ್‌ಲ್ಯಾಂಡ್ ನಗರದಲ್ಲಿ ವಾಸಿಸುತ್ತಿರುವುದರಿಂದ ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ಯುವುದುಂಟು; ಚಿತ್ರದುರ್ಗದ ಏಳುಸುತ್ತನ್ನು ಕಂಡವರಿಗೆ ನೆಟ್ಟ ಮರದ ದಿಮ್ಮಿಗಳ ಆ ಆವರಣವನ್ನು ನೋಡಿ ನಿರಾಶೆಯಾಗುವುದು ಸಹಜ. ಮೂಲೆಯಲ್ಲಿ ಒಂದು ಬುರುಜು ಇದೆ, ನಿಜ. ಆದರೆ ಅದು ಸೇರಿದ್ದು 1845ರಲ್ಲಿ, ಅಂದರೆ ಠಾಣೆ ಆರಂಭವಾಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಒಳಗಿನ ತುಪ್ಪಳದ ಉಗ್ರಾಣವನ್ನು ಮಾತ್ರ ನಿಧಾನವಾಗಿ ನೋಡಬೇಕು. ಒಳನಾಡಿನ ಠಾಣೆಗಳಿಂದ ದೋಣಿಗಳಲ್ಲಿ ಬಂದ ಚರ್ಮಗಳನ್ನು ಇಲ್ಲಿ ಎಣಿಸಿ, ದೂಳು ಮತ್ತು ಹುಳುಗಳು ಉದುರುವಂತೆ ಬಡಿದು, ದರ್ಜೆಯ ಪ್ರಕಾರ ವಿಂಗಡಿಸಿ, ದೊಡ್ಡ ಮರದ ಒತ್ತುಯಂತ್ರದಲ್ಲಿ ಅದುಮಿ ಕಟ್ಟುಗಳನ್ನಾಗಿ ಮಾಡಿ ಲಂಡನ್ನಿಗೆ ಹೋಗುವ ಹಡಗಿಗೆ ಏರಿಸುತ್ತಿದ್ದರು. ಹಡಗು ಬರುವವರೆಗೆ ಇಡೀ ಪ್ರಾಂತ್ಯದ ಒಂದು ವರ್ಷದ ಸಂಪಾದನೆ ಈ ಮಾಳಿಗೆಯಲ್ಲೇ ಇರುತ್ತಿತ್ತು. ಕಂಬಳಿ, ಬಂದೂಕು, ಕೊಡಲಿ, ಮಣಿಗಳಂತಹ ವಿನಿಮಯದ ಸರಕೂ ಪಕ್ಕದಲ್ಲೇ ಇದ್ದುದರಿಂದ ಆ ಗೋಡೆಯು ದಂಡಿಗಿಂತ ಕಳ್ಳತನವನ್ನು ತಡೆಯುವುದಕ್ಕೇ ಹೆಚ್ಚು ಉಪಯುಕ್ತವಾಗಿತ್ತು.

ಕೆಲಸಗಾರರಲ್ಲಿ ಹೆಚ್ಚಿನವರು ಗೋಡೆಯ ಹೊರಗಿನ ಹಳ್ಳಿಯಲ್ಲಿ ವಾಸವಾಗಿದ್ದರು. ಹವಾಯಿ ದ್ವೀಪದವರು, ಫ್ರೆಂಚ್ ಕೆನಡಿಯನ್ನರು, ಸ್ಕಾಟರು, ಇರೊಕ್ವಾ ಜನರು, ಸ್ಥಳೀಯ ಚಿನೂಕರು ಎಲ್ಲರೂ ಅಲ್ಲಿದ್ದು, ಪರಸ್ಪರ ವ್ಯವಹಾರಕ್ಕೆ ಚಿನೂಕ್ ಜಾರ್ಗನ್ ಎಂಬ ಮಿಶ್ರಭಾಷೆಯನ್ನು ಬಳಸುತ್ತಿದ್ದರು. ಸ್ಥಳೀಯರು ಠಾಣೆಯ ಶತ್ರುಗಳಲ್ಲ, ಅದರ ಜೀವಾಳ. ಬೀವರ್ ತಂದುಕೊಡುವವರಿಲ್ಲದೆ ವ್ಯಾಪಾರವೇ ಇರಲಿಲ್ಲ. ಆದರೆ 1830ರಲ್ಲಿ ಆರಂಭವಾಗಿ ವರ್ಷ ವರ್ಷವೂ ಮರುಕಳಿಸಿದ ಜ್ವರವು, ಮಲೇರಿಯಾ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುವ ಜ್ವರವು, ಕೊಲಂಬಿಯಾದ ಕೆಳದಂಡೆಯ ಹಳ್ಳಿಗಳನ್ನು ಒಂದೊಂದಾಗಿ ಬರಿದು ಮಾಡಿತು. ಈ ಠಾಣೆಯ ಕಥೆಯನ್ನು ಹೇಳುವವರು ಸೇಬಿನ ತೋಟ, ಗರಗಸದ ಕಾರ್ಖಾನೆಗಳ ವರ್ಣನೆಯಲ್ಲಿ ಇದನ್ನು ಒಂದು ವಾಕ್ಯದಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ತೊರೆಗಳ ಕಾವಲಿನ ವಿಷಯ. ಅಮೆರಿಕದ ಬೇಟೆಗಾರರು ಪೂರ್ವದಿಂದ ಬರದಂತೆ ತಡೆಯಲು ಸಿಂಪ್ಸನ್ ಕಂಡುಕೊಂಡ ಉಪಾಯವೆಂದರೆ, ಸ್ನೇಕ್ ನದಿಯ ಪ್ರದೇಶದಲ್ಲಿ ಬೀವರ್‌ಗಳನ್ನು ಬುಡಸಹಿತ ಹಿಡಿದು ಮುಗಿಸಿ, ಬಂದವರಿಗೆ ಏನೂ ಸಿಗದಂತೆ ಮಾಡುವುದು. ಕಂಪನಿಯ ಅಧಿಕಾರಿ ಪೀಟರ್ ಸ್ಕೀನ್ ಆಗ್ಡನ್ ಅವರ ತಂಡಗಳು 1824ರಿಂದ 1830ರವರೆಗೆ ಈ ಕೆಲಸವನ್ನೇ ಮಾಡಿದವು. ತನ್ನ ಕೈಯಲ್ಲೇ ಉಳಿಯುವುದು ಖಚಿತವಾಗಿದ್ದ ಉತ್ತರದ ಪ್ರದೇಶಗಳಲ್ಲಿ ಬೀವರ್ ಸಂತತಿ ಚೇತರಿಸಿಕೊಳ್ಳಲೆಂದು ಬೇಟೆಗೆ ಮಿತಿ ಹಾಕಿದ್ದ ಕಂಪನಿಯೇ, ಕೈತಪ್ಪಬಹುದಾದ ನೆಲದಲ್ಲಿ ಹೀಗೆ ನಡೆದುಕೊಂಡಿತು.

ಆದರೆ ಕೊನೆಗೆ ಬಂದವರು ಬೇಟೆಗಾರರಲ್ಲ, ರೈತರು. 1843ರಿಂದ ಆರೆಗಾನ್ ಟ್ರೇಲ್ ಹಾದಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದ ಕುಟುಂಬಗಳಿಗೆ ಬೇಕಾಗಿದ್ದುದು ಉಳುವ ನೆಲ. ಬೀವರ್ ಇದ್ದರೂ ಇಲ್ಲದಿದ್ದರೂ ಅವರಿಗೆ ಒಂದೇ. ಹಸಿದು ಬಂದ ಅವರಿಗೆ ಠಾಣೆಯ ಮುಖ್ಯಾಧಿಕಾರಿ ಡಾ. ಜಾನ್ ಮೆಕ್‌ಲಾಫ್ಲಿನ್ ಕಂಪನಿಯ ಉಗ್ರಾಣದಿಂದ ಸಾಲದ ಮೇಲೆ ಬೀಜ ಮತ್ತು ದಿನಸಿ ಕೊಟ್ಟದ್ದು ಸಿಂಪ್ಸನ್‌ಗೆ ಹಿಡಿಸಲಿಲ್ಲ. ಇದನ್ನು ಶುದ್ಧ ಔದಾರ್ಯ ಎನ್ನುವವರಿದ್ದಾರೆ. ಸಾವಿರಾರು ಹಸಿದ ನೆರೆಯವರನ್ನು ಎದುರು ಹಾಕಿಕೊಳ್ಳದ ವಿವೇಕವೂ ಅದರಲ್ಲಿತ್ತು ಎಂದು ನಾನು ತಿಳಿಯುತ್ತೇನೆ. ಅಷ್ಟರಲ್ಲಿ ಯೂರೋಪಿನಲ್ಲಿ ರೇಷ್ಮೆ ಟೋಪಿಯ ಷೋಕಿ ಬಂದು ಬೀವರ್‌ನ ಬೇಡಿಕೆಯೂ ಇಳಿದಿತ್ತು.

1846ರ ಒಪ್ಪಂದವು ಗಡಿಯನ್ನು 49ನೇ ಅಕ್ಷಾಂಶಕ್ಕೆ ಏರಿಸಿದ್ದರಿಂದ ಬ್ರಿಟಿಷ್ ಕಂಪನಿಯ ಠಾಣೆ ಅಮೆರಿಕದ ನೆಲದಲ್ಲಿ ಉಳಿಯಿತು. ಮುಖ್ಯ ಕಚೇರಿ ಬ್ರಿಟಿಷರ ಪಾಲಿಗೆ ಉಳಿದ ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾಕ್ಕೆ ಹೋಯಿತು, 1849ರಲ್ಲಿ ಅಮೆರಿಕದ ಸೈನ್ಯವು ಪಕ್ಕದಲ್ಲೇ ಬಿಡಾರ ಹೂಡಿತು, 1860ರಲ್ಲಿ ಕಂಪನಿ ಜಾಗವನ್ನು ತೆರವು ಮಾಡಿತು. 1866ರ ವೇಳೆಗೆ ಕಟ್ಟಡಗಳೆಲ್ಲ ಶಿಥಿಲವಾಗಿಯೋ ಬೆಂಕಿಗೆ ಆಹುತಿಯಾಗಿಯೋ ಇಲ್ಲವಾಗಿದ್ದವು. ಈಗ ನೀವು ಚಿತ್ರಗಳಲ್ಲಿ ನೋಡುವುದು, 1947ರಲ್ಲಿ ಆರಂಭವಾದ ಉತ್ಖನನದಲ್ಲಿ ಸಿಕ್ಕ ಕುರುಹುಗಳನ್ನು ಆಧರಿಸಿ 1960ರ ದಶಕದಿಂದೀಚೆಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಕೋಟೆ.