ಕಾಲ್ಪನಿಕ ಜನಾಂಗಕ್ಕೆ ಆಚರಣೆ ಬೇಕಿದ್ದರೆ

ಕಾದಂಬರಿಗೆ ಆಫ್ರಿಕಾ ಮೂಲದ ವಲಸಿಗ ಜನಾಂಗವೊಂದನ್ನು ಕಲ್ಪಿಸುತ್ತಿದ್ದೇನೆ, ಆಚರಣೆ-ನಂಬಿಕೆ ಹೇಗಿರಲಿ ಎಂದು ಕೇಳಿದ್ದೀರಿ. ಮಾಟ-ಮಂತ್ರದ ಹಳೇ ಸರಕು ದಯವಿಟ್ಟು ಬೇಡ. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳನ್ನೇ ನೋಡಿ, ಅವರೂ ಆಫ್ರಿಕಾ ಮೂಲದವರೇ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲ ಇದ್ದಾರೆ. ತೀರಿಹೋದ ಹಿರಿಯರ ಪೂಜೆ ಉಂಟು, ಡಮಾಮಿ ಎಂಬ ಡೋಲು ಬಾರಿಸಿದರೆ ಕುಣಿತವೂ ಉಂಟು.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಅವರ ಕೌದಿ, ಅಂದರೆ ತುಂಡುಬಟ್ಟೆಯ ಹೊದಿಕೆ. ಹಳೇ ಬಟ್ಟೆಯ ತುಂಡುಗಳನ್ನು ಹೆಂಗಸರು ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂ ಇರಲೇಬೇಕು. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ! ನಿಮ್ಮ ಜನರಿಗೂ ಇಂಥದ್ದೊಂದು ಸಣ್ಣ ಹಟ ಕೊಡಿ, ದೇವರುಗಳ ಪಟ್ಟಿ ಆಮೇಲೆ ಮಾಡಿಕೊಂಡರಾಯಿತು.