ಅರಮನೆ ಬಂದ್ ಅಂದರೆ ನಂಬಬೇಡಿ

ತೀರ್ಥಹಳ್ಳಿಯಿಂದ ಅಪ್ಪ-ಅಮ್ಮನ್ನ ಬ್ಯಾಂಕಾಕಿಗೆ ಕರ್ಕೊಂಡು ಹೋಗ್ತಿದ್ದೀವಿ, ಮೋಸ ಹೋಗದಿರೋದು ಹೇಗೆ ಅಂತ ಕೇಳಿದ್ದೀರಿ. ಅಲ್ಲಿನ ರಾಜರ ಅರಮನೆ ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಯಾರೋ ಮರ್ಯಾದಸ್ಥರ ಹಾಗೆ ಬಂದು "ಇವತ್ತು ಪೂಜೆ, ಅರಮನೆ ಬಂದ್" ಅಂತಾರೆ. ತೀರಾ ಕಡಿಮೆ ಬಾಡಿಗೆಗೆ ಟುಕ್-ಟುಕ್ (ಅಲ್ಲಿನ ಆಟೋ) ಹತ್ತಿಸ್ತಾರೆ. ಅದು ಹೋಗಿ ನಿಲ್ಲೋದು ಹರಳಿನ ಅಂಗಡಿ ಮುಂದೆ. ಚಾಲಕನಿಗೆ ಅಲ್ಲಿ ಕಮಿಷನ್. "ಊರಲ್ಲಿ ಮಾರಿದರೆ ದುಪ್ಪಟ್ಟು" ಅನ್ನೋ ಮಾತು ನಂಬಿ ನಮ್ಮ ಚಿಕ್ಕಪ್ಪ ಅಡಿಕೆ ದುಡ್ಡು ಸುರಿದು ಬಂದರು. ಶಿವಮೊಗ್ಗದ ಗಾಂಧಿ ಬಜಾರಲ್ಲಿ ತೋರಿಸಿದಾಗ ಕಾಲು ಭಾಗವೂ ಬೆಲೆ ಕಟ್ಟಲಿಲ್ಲ. ಈಗಲೂ ಆ ವಿಷಯ ಎತ್ತಿದರೆ ಅವರ ಮುಖ ಸಣ್ಣಗಾಗುತ್ತೆ.

ಯಾರು ಏನೇ ಹೇಳಲಿ, ಟಿಕೆಟ್ ಕೌಂಟರ್‌ವರೆಗೆ ನಡೆದು ನೀವೇ ನೋಡಿ. ಟ್ಯಾಕ್ಸಿಯವನು ಮೀಟರ್ ಹಾಕದಿದ್ದರೆ ಇಳಿದುಬಿಡಿ. ಅಲ್ಲಿನ ಪ್ರವಾಸಿ ಪೊಲೀಸರ ನಂಬರ್ 1155, ಅಮ್ಮನ ಫೋನಿನಲ್ಲೂ ಹಾಕಿಡಿ.