ಮೊಮ್ಮಗನಿಗೆ ಸಹಾಯಧನ: ದತ್ತು ಪತ್ರ ಬೇಕೇ?

ಪ್ರಶ್ನೆ: ಮಗಳು, ಅಳಿಯ ತೀರಿಹೋಗಿದ್ದಾರೆ. 9 ವರ್ಷದ ಮೊಮ್ಮಗನನ್ನು ಸಾಕುತ್ತಿದ್ದೇನೆ. ಕಚೇರಿಯಲ್ಲಿ ‘ದತ್ತು ಪತ್ರ ತನ್ನಿ’ ಎಂದು ವಾಪಸ್ ಕಳಿಸಿದರು. ನನಗೆ 68.

ಉತ್ತರ: ಅಮ್ಮಾ, ದತ್ತು ಪತ್ರ ಬೇಕಿಲ್ಲ. ತಂದೆತಾಯಿಯಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿಗೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಮಗುವಿನ ಪಾಲನೆ, ಓದಿಗೆ ಕೊಡುವ ನೆರವು) ತಿಂಗಳಿಗೆ 4,000 ರೂ. ಸಿಗಲು ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂ. ಮೀರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೇ ಕೊಡಿ. ಜೊತೆಗೆ ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪತ್ರ, ವ್ಯಾಸಂಗ ಪ್ರಮಾಣಪತ್ರ, ಆಧಾರ್ ಇರಲಿ. ಅರ್ಜಿ ಸಿಕ್ಕಿಕೊಳ್ಳುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ‘ಕಿರಣ್ ಎಂ.’, ಶಾಲೆಯಲ್ಲಿ ‘ಕಿರಣ್‌ಕುಮಾರ್’ ಎಂದಿದ್ದರೆ ಹಣ ಖಾತೆಗೆ ಬೀಳುವ ಹೊತ್ತಿಗೆ ತಕರಾರು. ಮೊದಲೇ ಸರಿಪಡಿಸಿ. ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ‘ಆಗಲ್ಲ’ ಒಪ್ಪಬೇಡಿ, ಕಾರಣವನ್ನು ಬರೆದು ಕೊಡಲು ಕೇಳಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.